ಮುನಿಯಪ್ಪನವರನ್ನು ಪರೀಕ್ಷಿಸಿದ ದಿನ

ಹೋದ ತಿಂಗಳು, ಪ್ರಾಣಿಗಳಿಗೆ ಫಿಸಿಯೋಥೆರಪಿ ಮಾಡುವವರ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಹೊಸದಾಗಿ ಸೇರುತ್ತಿರುವ ಹುಡುಗಿಯೊಬ್ಬಳು ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ಕೈಯಲ್ಲಿ ಸದಸ್ಯತ್ವದ ಅರ್ಜಿ ಇತ್ತು. "ಮೇಡಂ, ನೀವು ಅನಿಮಲ್ ಫಿಸಿಯೋ ಯಾರ ಹತ್ರ ಕಲಿತ್ರಿ?" ಎಂದು ಕೇಳಿದಳು. ಮುನಿಯಪ್ಪ ಅನ್ನುವವರ ಹತ್ತಿರ ಎಂದೆ. ಪೆನ್ನಿನ ಕ್ಯಾಪ್ ತೆಗೆದು, "ಅವ್ರ ಮೆಂಬರ್‌ಶಿಪ್ ನಂಬರ್ ಏನು ಮೇಡಂ?" ಎಂದಳು.

ಅವಳ ತಪ್ಪಲ್ಲ. ಅರ್ಜಿಯಲ್ಲೇ ಅಂಥ ಒಂದು ಅಂಕಣವಿದೆ, ಕಲಿಸಿದವರ ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಎಂದು. ಅದನ್ನು ಹಾಕಿಸಿದವಳೂ ನಾನೇ. ಮುನಿಯಪ್ಪನವರಿಗೆ ನಂಬರ್ ಇರಲಿಲ್ಲ, ಅವರು ಸದಸ್ಯರೇ ಆಗಲಿಲ್ಲ ಎಂದಾಗ ಅವಳು ಗಲಿಬಿಲಿಗೊಂಡಳು. "ಹಂಗಂದ್ರೆ ಅನ್‌ಕ್ವಾಲಿಫೈಡಾ?" ಎಂದಳು. ಕಾಫಿ ತರುವ ನೆಪ ಮಾಡಿಕೊಂಡು ಎದ್ದುಹೋದೆ.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು, ಮುನಿಯಪ್ಪನವರು ತೀರಿಕೊಂಡು ಎರಡು ವರ್ಷ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಯಾವ ಹುದ್ದೆಯಲ್ಲಿದ್ದೆ, ಎಲ್ಲಿ ಶಾಲು ಹೊದಿಸಿದರು ಎಂದು ಹೇಳಿಕೊಂಡು ಏನೂ ಉಪಯೋಗವಿಲ್ಲ. ಒಬ್ಬ ಮನುಷ್ಯನಿಗೆ ಸಲ್ಲಬೇಕಾಗಿದ್ದ ಒಂದು ಕಾರ್ಡು ಹೇಗೆ ಸಲ್ಲದೆ ಹೋಯಿತು ಎಂದು ಹೇಳಿದರೆ ಉಪಯೋಗವಾದೀತು. ಅದನ್ನೇ ಬರೆಯುತ್ತೇನೆ. ನಡುನಡುವೆ ನಾಯಿ ಬೆಕ್ಕುಗಳೂ ಬರುತ್ತವೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಓದಿದ್ದು ಮನುಷ್ಯರ ಫಿಸಿಯೋಥೆರಪಿ. ಹದಿನೇಳು ವರ್ಷ ಆಸ್ಪತ್ರೆಯೊಂದರಲ್ಲಿ ಜನರ ಮಂಡಿ, ಸೊಂಟ, ಹೆಗಲು ಹಿಡಿದುಕೊಂಡೇ ಕಾಲ ಕಳೆದೆ. ಪ್ರಾಣಿಗಳ ಕಡೆ ಬಂದದ್ದು ಡಾಕ್ಟರ್ ಶೇಷಾದ್ರಿಯವರಿಂದ. ಅವರು ಯಡಿಯೂರು ಕೆರೆಯ ಹತ್ತಿರ ಕ್ಲಿನಿಕ್ ಇಟ್ಟುಕೊಂಡಿದ್ದ ಪಶುವೈದ್ಯರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಹಾ ಸಿಡುಕ. ಹೆಗಲು ಹಿಡಿದುಕೊಂಡು ನನ್ನ ಹತ್ತಿರ ಚಿಕಿತ್ಸೆಗೆ ಬರುತ್ತಿದ್ದರು. ಮೂರು ತಿಂಗಳಿಗೆ ಕೈ ತಲೆಯ ಮೇಲಕ್ಕೆ ಹೋಯಿತು. ಕೊನೆಯ ದಿನ ಥ್ಯಾಂಕ್ಸ್ ಕೂಡ ಹೇಳದೆ, "ನನ್ನ ಕೈ ಎತ್ತಿಸಿದ್ರಲ್ಲ, ಒಂದು ನಾಯಿನ ಎಬ್ಬಿಸಿ ನಿಲ್ಲಿಸ್ತೀರಾ?" ಎಂದು ಕೇಳಿದರು.

ಆ ನಾಯಿ ಪುಟ್ಟಿ ಎಂಬ ಡ್ಯಾಷ್‌ಹೌಂಡ್. ಸೋಫಾದಿಂದ ಹಾರಿ ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲೆರಡೂ ಬಿದ್ದುಹೋಗಿದ್ದವು. ನಾನು ಭಾರಿ ಹುಮ್ಮಸ್ಸಿನಲ್ಲಿ ಹೋದೆ. ಮೇಜಿನ ಮೇಲೆ ಪುಟ್ಟಿಯನ್ನು ಮಲಗಿಸಿ ಕಾಲು ಹಿಡಿದೆ. ಅದು ನನ್ನ ಹೆಬ್ಬೆರಳನ್ನು ಹಿಡಿಯಿತು. ಅಲ್ಲಿದ್ದ ಅಟೆಂಡರ್ ನಗಲಿಲ್ಲ, ಪಾಪ. ಅರಿಶಿನದ ಬಣ್ಣದ ಔಷಧ ಹಚ್ಚಿ ನನ್ನ ಬೆರಳಿಗೆ ಬಟ್ಟೆ ಸುತ್ತಿ, ಪುಟ್ಟಿಯನ್ನು ಮೇಜಿನಿಂದ ಎತ್ತಿ ನೆಲದ ಮೇಲೆ ಹಾಸಿದ್ದ ಚಾಪೆಯಲ್ಲಿ ಮಲಗಿಸಿದರು. ತಾವೂ ಪಕ್ಕದಲ್ಲಿ ಕೂತರು. ಹತ್ತು ನಿಮಿಷ ಏನೂ ಮಾಡಲಿಲ್ಲ. ಆಮೇಲೆ ಕೈಯನ್ನು ಅದರ ಭುಜದ ಮೇಲಿಟ್ಟರು, ಅಲ್ಲಿಂದ ಬೆನ್ನಿಗೆ, ಬೆನ್ನಿಂದ ಸೊಂಟಕ್ಕೆ. ಕಾಲಿಗೆ ಕೈ ಬರುವ ಹೊತ್ತಿಗೆ ಪುಟ್ಟಿ ನಿದ್ದೆಗೆ ಜಾರಿತ್ತು.

ಅವರೇ ಮುನಿಯಪ್ಪ. ಸುಬ್ರಹ್ಮಣ್ಯಪುರದ ಹಳೇ ಊರಿನವರು. ಚಿಕ್ಕಂದಿನಿಂದ ರೇಸ್ ಕುದುರೆಗಳ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಆಗಿದ್ದು, ಆ ಕೆಲಸ ಬಿಟ್ಟ ಮೇಲೆ ಶೇಷಾದ್ರಿಯವರಲ್ಲಿಗೆ ಬಂದಿದ್ದರು. ಏಳನೇ ಕ್ಲಾಸಿನ ತನಕ ಓದು. ಕೈಗಳು ಮಾತ್ರ ಎಂಥ ಕೈಗಳು ಅಂತೀರಿ. ಅಗಲ ಅಂಗೈ, ಮೊಂಡು ಬೆರಳುಗಳು, ಬಲಗೈಯ ತೋರುಬೆರಳು ಕೊಂಚ ಸೊಟ್ಟ. ಈಗಲೂ ಕಣ್ಣು ಮುಚ್ಚಿದರೆ ಆ ಕೈಗಳನ್ನು ಚಿತ್ರ ಬರೆದು ತೋರಿಸಬಲ್ಲೆ, ಅಷ್ಟು ನೋಡಿದ್ದೇನೆ.

ಆಸ್ಪತ್ರೆ ಬಿಟ್ಟು ಅಲ್ಲಿಗೇ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅವರನ್ನು ಏಕವಚನದಲ್ಲೇ ಕರೆದೆ. "ಏನಪ್ಪಾ, ಇದನ್ನ ಹಿಡ್ಕೋ, ಅದನ್ನ ತಗೊಂಬಾ." ಅಟೆಂಡರ್ ಎಂದರೆ ಹಾಗೇ ಮಾತಾಡಿಸುವುದು ನಮ್ಮ ಮನೆಯಲ್ಲೂ ಆಸ್ಪತ್ರೆಯಲ್ಲೂ ರೂಢಿ. ಶೇಷಾದ್ರಿ ಕೇಳಿಸಿಕೊಂಡು ನನ್ನನ್ನು ಒಳಕ್ಕೆ ಕರೆದರು. "ಸುಮಿತ್ರಾ, ನೀವು ಆತನ ಹತ್ರ ಕೆಲಸ ಕಲೀತಾ ಇದ್ದೀರ. ಆತ ನಿಮಗಿಂತ ಎಂಟು ವರ್ಷ ದೊಡ್ಡೋನು. ಹೆಂಗೆ ಮಾತಾಡ್ಬೇಕು ಅಂತ ನಾನು ಹೇಳಿಕೊಡ್ಬೇಕಾ?" ಎಂದರು. ಅವತ್ತಿನಿಂದ ನೀವು, ಮುನಿಯಪ್ಪನವರೇ ಎಂದು ಶುರುಮಾಡಿದೆ. ನಾಲಿಗೆ ತಿದ್ದಿಕೊಂಡೆ ಎಂದಷ್ಟೇ ಹೇಳಬಲ್ಲೆ.

ಇನ್ನು ನನ್ನ ಮೊದಲ ದೊಡ್ಡ ಎಡವಟ್ಟು. ಜಯನಗರದ ನಾಲ್ಕನೇ ಬ್ಲಾಕಿನಿಂದ ಒಬ್ಬ ಅಜ್ಜಿ ಸೋನು ಎಂಬ ಪಮೇರಿಯನ್ ತರುತ್ತಿದ್ದರು. ಸೊಂಟದ ಕೀಲು ಸವೆತ. ನಾನು ಆಸ್ಪತ್ರೆಯಲ್ಲಿ ಮಾಡುತ್ತಿದ್ದ ಹಾಗೆಯೇ ಬಿಸಿ ಪ್ಯಾಕನ್ನು ಎರಡು ಟವೆಲಿನಲ್ಲಿ ಸುತ್ತಿ ಸೋನುವಿನ ಸೊಂಟದ ಮೇಲಿಟ್ಟು, ಹದಿನೈದು ನಿಮಿಷಕ್ಕೆ ಗಡಿಯಾರ ನೋಡಿಕೊಂಡು, ಅಜ್ಜಿಯ ಜೊತೆ ಮಾತಿಗೆ ಕೂತೆ. ಸೋನು ಅಲ್ಲಾಡದೆ ಮಲಗಿತ್ತು. ಎಷ್ಟು ಜಾಣ ನಾಯಿ ಎಂದುಕೊಂಡೆ. ಮುನಿಯಪ್ಪನವರು ಬಾಗಿಲಿಂದ ನೋಡಿದವರೇ ಬಂದು ಪ್ಯಾಕ್ ಕಿತ್ತು ಪಕ್ಕಕ್ಕಿಟ್ಟರು.

"ಯಾಕೆ ತೆಗೆದ್ರಿ?" ಎಂದೆ, ಸ್ವಲ್ಪ ಗಡುಸಾಗಿಯೇ.

"ಸುಡ್ತಾ ಐತೆ ಮೇಡಂ."

"ಸುಡ್ತಿದ್ರೆ ಸುಮ್ನೆ ಮಲಗುತ್ತಾ?"

"ಸುಮ್ನೆ ಮಲಗಿಲ್ಲ, ಹೆದರ್ಕೊಂಡು ಮಲಗೈತೆ. ತುಟಿ ನೋಡಿ ಹೆಂಗೆ ಬಿಗಿ ಮಾಡೈತೆ. ಕಿವಿ ಹಿಂದಕ್ಕೆ ಹೋಗೈತೆ. ಉಗುರು ನೋಡಿ, ಚಾಪೆನ ಕಚ್ಕೊಂಡೈತೆ. ಬಾಯಿಲ್ಲ ಅಂತೀರ ಇವಕ್ಕೆ. ಮೈಯೆಲ್ಲಾ ಬಾಯಿ ಮೇಡಂ."

ಕೂದಲು ಸರಿಸಿ ನೋಡಿದರೆ ಚರ್ಮ ಕೆಂಪಗಾಗಿತ್ತು. ಮನುಷ್ಯರಾದರೆ ಸುಡುತ್ತಿದೆ ತೆಗೀರಿ ಎನ್ನುತ್ತಾರೆ, ಅದನ್ನೇ ನಂಬಿಕೊಂಡು ಹದಿನೇಳು ವರ್ಷ ಕೆಲಸ ಮಾಡಿದ್ದೆ. ಮೂರು ದಿನಕ್ಕೆ ಅಂಗೈಯಗಲ ಕೂದಲು ಉದುರಿತು. ಅಲರ್ಜಿ ಇರಬೇಕು ಎಂದು ಅಜ್ಜಿಗೆ ಹೇಳಿ ತಪ್ಪಿಸಿಕೊಳ್ಳೋಣ ಎಂದು ಶೇಷಾದ್ರಿಯವರ ಹತ್ತಿರ ಮೆಲ್ಲಗೆ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹೋಗಿ ನಿಜ ಹೇಳಿ ಬನ್ನಿ. ಹೇಳೋಕಾಗಲ್ಲ ಅಂದ್ರೆ ನಾಳೆಯಿಂದ ಆಸ್ಪತ್ರೆಗೆ ವಾಪಸ್ ಹೋಗಿ" ಎಂದರು. ಹೋಗಿ ಹೇಳಿದೆ. ಅಜ್ಜಿ ಅತ್ತರು, ನಾನೂ ಅತ್ತೆ. ಆಮೇಲೂ ಎರಡು ವರ್ಷ ಸೋನುವನ್ನು ಕರೆತರುತ್ತಿದ್ದರು. ನನ್ನ ಹತ್ತಿರಕ್ಕಲ್ಲ, ಮುನಿಯಪ್ಪನವರ ಹತ್ತಿರಕ್ಕೆ.

ಈಗ ನಿಮಗೆ ನೀರೊಳಗೆ ನಡೆಸುವ ಯಂತ್ರ ಇದೆ, ಲೇಸರ್ ಇದೆ, ನಡಿಗೆಯನ್ನು ಅಳೆಯುವ ಆ್ಯಪ್ ಇದೆ. ಬೇಡ ಎನ್ನುವುದಿಲ್ಲ, ನಾನೂ ಬಳಸಿದ್ದೇನೆ. ಆಗ ನಮ್ಮ ಹತ್ತಿರ ಇದ್ದದ್ದು ನನ್ನ ಹಳೇ ಕಾಟನ್ ಸೀರೆಗಳು, ಅವನ್ನು ಮಡಿಸಿ ನಾಯಿಯ ಹೊಟ್ಟೆಯ ಕೆಳಗೆ ಹಾಕಿ ಎತ್ತಿ ನಡೆಸುತ್ತಿದ್ದೆವು. ಬಾಂಡಲಿಯಲ್ಲಿ ರಾಗಿ ತುಂಬಿ, ಸ್ಪರ್ಶ ಕಳೆದುಕೊಂಡ ಪಾದವನ್ನು ಅದರೊಳಗೆ ಇಟ್ಟು ಮೆಲ್ಲಗೆ ಆಡಿಸುವುದು ಮುನಿಯಪ್ಪನವರ ಉಪಾಯ. ಪುಟ್ಟಿ ನಲವತ್ತನೇ ದಿನ ರಾಗಿಯೊಳಗೆ ತಾನೇ ಬೆರಳು ಮಡಚಿತು. ನಾನು ಶೇಷಾದ್ರಿಯವರನ್ನು ಕೂಗಿ ಕರೆದೆ. ಮೂವರೂ ನೆಲದ ಮೇಲೆ ಕೂತು ಆ ಒಂದು ಬೆರಳನ್ನೇ ನೋಡಿದೆವು. ಅಂಥ ಬೆಳಗ್ಗೆ ಇನ್ನೊಂದು ಬೇಕು ಎಂದು ಈ ವಯಸ್ಸಿನಲ್ಲಿ ಆಸೆಯಾಗುತ್ತದೆ. ಎಲ್ಲಿಂದ ತರಲಿ.

ಹೀಗೇ ಏಳೆಂಟು ವರ್ಷ ಕಳೆಯಿತು. ಅಷ್ಟರಲ್ಲಿ ನಗರದಲ್ಲಿ ಸಾಕುಪ್ರಾಣಿಗಳು ಹೆಚ್ಚಿದವು, ಬೋರ್ಡುಗಳೂ ಹೆಚ್ಚಿದವು. ಒಂದು ದಿನ ಜೆ.ಪಿ. ನಗರದಿಂದ ಶಾಲಾ ಶಿಕ್ಷಕಿಯೊಬ್ಬರು ಮಿಟ್ಟು ಎಂಬ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದರು. ಬಿ.ಟಿ.ಎಂ. ಲೇಔಟಿನಲ್ಲಿ ಒಬ್ಬ ಎರಡು ವಾರಾಂತ್ಯದ ಕೋರ್ಸ್ ಮಾಡಿ ಥೆರಪಿ ಸೆಂಟರ್ ತೆರೆದಿದ್ದನಂತೆ. ಜಾರಿದ ಕೀಲು ಕೂರಿಸುತ್ತೇನೆ ಎಂದು ಕಾಲು ಎಳೆದಿದ್ದ. ಜಾರಿದ್ದು ಕೀಲಲ್ಲ, ಮೂಳೆ ಬಿರುಕು ಬಿಟ್ಟಿತ್ತು. ಎಳೆದದ್ದಕ್ಕೆ ಪೂರ್ತಿ ಮುರಿಯಿತು. ಆಕೆ ಕೇಳಿದ್ದು ಒಂದೇ ಮಾತು: "ಯಾರಿಗೆ ಕಂಪ್ಲೇಂಟ್ ಕೊಡೋದು ಮೇಡಂ?" ದೂರು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು, ನಾನೂ ಸೇರಿ.

ಸಂಘ ಹುಟ್ಟಿದ್ದು ಹಾಗೆ. ತಿಲಕ್ ನಗರದ ಒಂದು ಶಿಶುವಿಹಾರದಲ್ಲಿ ಭಾನುವಾರ ಬೆಳಗ್ಗೆ ಏಳು ಜನ ಸೇರುತ್ತಿದ್ದೆವು. ಅಲ್ಲಿದ್ದವು ಮಕ್ಕಳ ಕುರ್ಚಿಗಳು. ಕೂತರೆ ಮಂಡಿ ಗಲ್ಲಕ್ಕೆ ತಗಲುತ್ತಿತ್ತು. ಶೇಷಾದ್ರಿಯವರು ಒಂದು ಕುರ್ಚಿ ಮುರಿದ ಮೇಲೆ ಎಲ್ಲರೂ ಚಾಪೆಗೆ ಇಳಿದೆವು. ಡಾಕ್ಟರ್, ಫಿಸಿಯೋ, ಅಟೆಂಡರ್ ಎಲ್ಲ ಒಂದೇ ಚಾಪೆ. ನಡುವೆ ಖಾರಾ ಬನ್ನಿನ ಪೊಟ್ಟಣ.

ನಮ್ಮದೊಂದು ಪದ್ಧತಿ ಇತ್ತು, ಈಗಲೂ ಇದೆ, ಹೊಸಬರು ಅದಕ್ಕೆ ಮೂಗು ಮುರಿಯುತ್ತಾರೆ. ಸಭೆ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ಕೆಲಸದಲ್ಲಿ ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ತಪ್ಪಿನ ಸುತ್ತು ಎನ್ನುತ್ತಿದ್ದೆವು. ಸೋನು ಪ್ರಸಂಗವನ್ನು ನೆನಪಿಟ್ಟುಕೊಂಡು ಶೇಷಾದ್ರಿ ಹಾಕಿದ ಕಟ್ಟಳೆ ಅದು. ಏನೂ ತಪ್ಪು ಮಾಡಿಲ್ಲ ಎಂದವರಿಗೆ ಬನ್ ಇಲ್ಲ. ನಾನು ಬಿಸಿ ಪ್ಯಾಕಿನ ಕಥೆಯಿಂದ ಶುರುಮಾಡಿದೆ. ಮುನಿಯಪ್ಪನವರ ಸರದಿ ಬಂದಾಗ ಅವರು ಚಾಪೆಯ ಅಂಚನ್ನು ನೇರ ಮಾಡಿದರು. ಆಮೇಲೆ ಹೇಳಿದರು:

"ಲಾಯದಲ್ಲಿದ್ದಾಗ ಒಂದು ಹೆಣ್ಣು ಕುದುರೆ. ಮುಂಗಾಲು ಕುಂಟ್ತಾ ಇತ್ತು. ಮುಟ್ಟಿದ್ರೇನೇ ಗೊತ್ತಾಗೋದು, ಮೂಳೆ ಒಳಗೆ ಏನೋ ಆಗೈತೆ ಅಂತ. ರೇಸ್‌ಗೆ ಬಿಡ್ಬೇಕು, ಉಜ್ಜಿ ಸರಿ ಮಾಡು ಅಂದ್ರು. ದೊಡ್ಡೋರು ಹೇಳ್ತಾರೆ ಅಂತ ಉಜ್ಜಿದೆ. ನೋವು ಕಾಣದಂಗೆ ಆಯ್ತು. ಓಡ್ತು. ಅರ್ಧ ದಾರೀಲಿ ಕಾಲು ಮುರೀತು, ಅಲ್ಲೇ ಗುಂಡು ಹೊಡೆದು ಹಾಕಿದ್ರು. ಅವತ್ತು ನಾನು ಮುಟ್ಟಲ್ಲ ಅನ್ಬೇಕಿತ್ತು. ಅನ್ನಲಿಲ್ಲ."

ಯಾರೂ ಬನ್ ಮುಟ್ಟಲಿಲ್ಲ. ನಿಯಮಾವಳಿಯ ಮೊದಲ ಎರಡು ಸಾಲು ಅವತ್ತೇ ಬರೆದೆ. ಪಶುವೈದ್ಯರ ಕಾಗದ ಇಲ್ಲದೆ ಪ್ರಾಣಿಯ ಮೇಲೆ ಕೈ ಇಡಬಾರದು. ಕಾಗದ ಇದ್ದರೂ ಸಂಶಯ ಬಂದರೆ ಕೈ ತೆಗೆದು ವಾಪಸ್ ಕಳಿಸಬೇಕು. ಎರಡನೆಯ ಸಾಲು ಮುನಿಯಪ್ಪನವರದು, ಅಕ್ಷರ ಮಾತ್ರ ನನ್ನದು.

ಸಂಘ ನೋಂದಣಿಯಾಯಿತು. ಚಾಪೆ ಹೋಗಿ ದೊಡ್ಡವರ ಕುರ್ಚಿಗಳು ಬಂದವು. ಯಾರು ಸದಸ್ಯರಾಗಬಹುದು ಎಂಬ ಪ್ರಶ್ನೆಯೂ ಬಂತು. ಪಶುವೈದ್ಯಕೀಯ ಅಥವಾ ಫಿಸಿಯೋಥೆರಪಿ ಪದವಿ, ಜೊತೆಗೆ ಒಂದು ವರ್ಷದ ತರಬೇತಿ ಎಂದು ಹೊಸಬರೆಲ್ಲ ಪಟ್ಟು ಹಿಡಿದರು. ಕೆಲವು ಕ್ಲಿನಿಕ್‌ಗಳು ನಮ್ಮ ಕಾರ್ಡು ಇದ್ದವರಿಗೆ ಮಾತ್ರ ಥೆರಪಿ ಮಾಡಲು ಬಿಡುತ್ತೇವೆ ಎಂದು ಒಪ್ಪಿದವು. ನಮ್ಮ ಗೆಲುವು ಎಂದು ನಾನೇ ಸಿಹಿ ಹಂಚಿದೆ. ಮುನಿಯಪ್ಪನವರ ಗತಿ ಏನು ಎಂದು ಹೊಳೆದದ್ದು ಸಿಹಿ ಹಂಚಿ ಮುಗಿದ ಮೇಲೆ.

ಅದೇ ವರ್ಷ ಶೇಷಾದ್ರಿಯವರು ಹೃದಯಾಘಾತದಿಂದ ಹೋಗಿಬಿಟ್ಟರು. ಅವರ ಕ್ಲಿನಿಕ್ಕನ್ನು ಬೇರೆಯವರು ಕೊಂಡುಕೊಂಡರು. ಹೊಸ ಮ್ಯಾನೇಜರ್ ಸಭ್ಯ ಮನುಷ್ಯ, ಆದರೆ ಖಡಾಖಂಡಿತ: "ಕಾರ್ಡ್ ಇದ್ರೆ ಥೆರಪಿ ರೂಮು, ಇಲ್ಲಾಂದ್ರೆ ಸ್ಟೋರ್ ರೂಮು." ಮುನಿಯಪ್ಪನವರ ಮುಂದಿನ ಬದುಕು ನಮ್ಮ ಒಂದು ಕಾರ್ಡಿನ ಮೇಲೆ ನಿಂತಿತು.

ನಾನು ಸಮಿತಿಯಲ್ಲಿ ಜಗಳಕ್ಕೆ ನಿಂತೆ. ಪದವಿ ಇಲ್ಲದೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಪ್ರಾಯೋಗಿಕ ಪರೀಕ್ಷೆಯ ಮೂಲಕ ಸದಸ್ಯತ್ವ ಕೊಡೋಣ ಎಂದೆ. ಯುವ ಪಶುವೈದ್ಯ ನವೀನ್ ಒಪ್ಪಲಿಲ್ಲ. "ಮೇಡಂ, ಮುನಿಯಪ್ಪ ಅವ್ರ ಬಗ್ಗೆ ನನಗೂ ಗೌರವ ಇದೆ. ಆದ್ರೆ ಅವ್ರಿಗೆ ಅಂತ ಒಂದು ಬಾಗಿಲು ತೆಗೆದ್ರೆ, ಆ ಬೆಕ್ಕಿನ ಕಾಲು ಮುರಿದೋನೂ ಅದೇ ಬಾಗಿಲಲ್ಲಿ ಬರ್ತಾನೆ." ಮಾತು ಸುಳ್ಳಲ್ಲ, ಅದಕ್ಕೇ ಸಿಟ್ಟು ಬಂತು. ನಾಲ್ಕು ಸಭೆ ಕಿತ್ತಾಡಿ ಒಂದು ಒಪ್ಪಂದಕ್ಕೆ ಬಂದೆವು. ಮೂವರು ಪರೀಕ್ಷಕರು, ಐದು ಅಂಶಗಳ ಅಂಕಪಟ್ಟಿ, ಐದರಲ್ಲೂ ತೇರ್ಗಡೆಯಾಗಬೇಕು. ಪ್ರಾಣಿಯನ್ನು ಪರಿಚಯ ಮಾಡಿಕೊಳ್ಳುವುದು, ನಡಿಗೆ ನೋಡುವುದು, ಮುಟ್ಟಿ ಪರೀಕ್ಷಿಸುವುದು, ಚಿಕಿತ್ಸೆ ಮಾಡಿ ತೋರಿಸುವುದು, ಮನೆಯವರಿಗೆ ಸೂಚನೆ ಕೊಡುವುದು. ಪಟ್ಟಿಯನ್ನು ನಾನೇ ಟೈಪ್ ಮಾಡಿದೆ. ಮುಖ್ಯ ಪರೀಕ್ಷಕಿಯೂ ನಾನೇ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಯಾರೋ ಹಿಂದೆ, "ಅವ್ರ ಕಡೆಯೋರಿಗೆ ಅವ್ರೇ ಎಕ್ಸಾಮಿನರ್, ಸಖತ್ ಅಡ್ಜಸ್ಟ್‌ಮೆಂಟು" ಎಂದು ನಕ್ಕದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಆ ಮಾತು ಮಾತ್ರ ಒಳಗೆ ಮುಳ್ಳಿನ ಹಾಗೆ ಕೂತಿತು.

ಮುನಿಯಪ್ಪನವರಿಗೆ ಫೋನ್ ಮಾಡಿ ತಿಳಿಸಿದೆ. "ಬರೆಯೋದು ಇರುತ್ತಾ ಮೇಡಂ?" ಎಂದರು.

"ಇಲ್ಲ. ಬರೀ ಕೈಕೆಲಸ. ನೀವು ದಿನಾ ಮಾಡೋದೇ."

"ಹಂಗಾದ್ರೆ ಪರವಾಗಿಲ್ಲ. ನೀವು ಇರ್ತೀರಲ್ಲ?"

"ನಾನೇ ಇರ್ತೀನಿ."

"ಹಂಗಾದ್ರೆ ಆಯ್ತು ಬಿಡಿ" ಎಂದರು.

ಪರೀಕ್ಷೆ ಬನಶಂಕರಿಯ ಒಬ್ಬ ಸದಸ್ಯರ ಕ್ಲಿನಿಕ್ಕಿನಲ್ಲಿ. ಮುನಿಯಪ್ಪನವರು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಬಂದು ಹೊರಗೆ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಗುರು ಕತ್ತರಿಸಿ, ಕೈ ಉಜ್ಜಿ ಉಜ್ಜಿ ತೊಳೆದಿದ್ದರು. ಪರೀಕ್ಷೆಗೆ ತಂದಿದ್ದ ನಾಯಿ ಭೀಮ, ಎಂಟು ವರ್ಷದ ದೊಡ್ಡ ಲ್ಯಾಬ್ರಡಾರ್. ಬಲ ಮುಂಗಾಲು ಕುಂಟುತ್ತಿತ್ತು. ಹೆಗಲಿನ ಮಾಂಸಖಂಡ ಎಳೆತ, ಮಸಾಜ್ ಮತ್ತು ವ್ಯಾಯಾಮ ಎಂದು ಪಶುವೈದ್ಯರೊಬ್ಬರ ಕಾಗದ ಇತ್ತು. ನಮ್ಮ ಸದಸ್ಯೆಯೊಬ್ಬಳು ಆಗಲೇ ಮೂರು ಸಲ ಚಿಕಿತ್ಸೆ ಮಾಡಿದ್ದಳು. ಮೇಜಿನ ಹಿಂದೆ ನಾವು ಮೂವರು, ನಾನು, ನವೀನ್ ಮತ್ತು ಫಿಸಿಯೋ ಅರ್ಚನಾ.

ಮುನಿಯಪ್ಪನವರು ನೆಲದ ಮೇಲೆ ಕೂತು ಭೀಮನನ್ನು ತಾನಾಗಿಯೇ ಹತ್ತಿರ ಬರಲು ಬಿಟ್ಟರು. ನಡೆಸಿ ನೋಡಿದರು. ಬೆನ್ನಿನಿಂದ ಶುರುಮಾಡಿ ಹೆಗಲಿಗೆ ಕೈ ತಂದರು. ಅಲ್ಲಿ ಕೈ ನಿಂತಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಮುಟ್ಟಿದರು. ಆಮೇಲೆ ಎರಡೂ ಕೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಇದು ಮಾಂಸದ ನೋವಲ್ಲ ಮೇಡಂ. ಮೂಳೆದು. ಎಕ್ಸ್‌ರೇ ತೆಗೆಸಿ. ನಾನು ಮುಟ್ಟಲ್ಲ."

"ಲೆಟರ್‌ನಲ್ಲಿ ಎಳೆತ ಅಂತಿದೆ. ಡಯಾಗ್ನೋಸಿಸ್ ಮಾಡೋದು ಥೆರಪಿಸ್ಟ್ ಕೆಲಸ ಅಲ್ಲ, ನೀವು ಟ್ರೀಟ್‌ಮೆಂಟ್ ತೋರಿಸಿ" ಎಂದ ನವೀನ್.

"ತೋರಿಸಕ್ಕೆ ಏನು ಸಾರ್, ಕೈ ಐತಲ್ಲ. ಆದ್ರೆ ನಾಯಿಗೆ ಕೆಟ್ಟದಾಗುತ್ತೆ."

ಭೀಮನ ಯಜಮಾನರು ಗಡಿಯಾರ ನೋಡಿಕೊಂಡರು. "ಏನ್ ಸಾರ್ ಇದು, ಬನ್ನಿ ಅಂತ ನೀವೇ ಕರೆದು ಹೆದರಿಸ್ತೀರಲ್ಲ" ಎಂದರು. ಅರ್ಚನಾ ನನ್ನ ಕಡೆ ನೋಡಿದಳು. "ಬೇರೆ ನಾಯಿ ತರಿಸೋಣ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದಳು.

ತರಿಸಬಹುದಿತ್ತು. ಅರ್ಧ ಗಂಟೆಯ ಮಾತು. ಸಂಶಯ ಬಂದರೆ ಕೈ ತೆಗೆಯಬೇಕು ಎಂದು ನಮ್ಮ ನಿಯಮವೇ ಇದೆಯಲ್ಲ, ಇದೇ ಉತ್ತರ, ಇದಕ್ಕೇ ಪೂರ್ತಿ ಅಂಕ ಎಂದೂ ಹೇಳಬಹುದಿತ್ತು. ಆದರೆ ಮೆಟ್ಟಿಲ ಮೇಲೆ ಕೇಳಿದ ಆ ನಗು ಕಿವಿಯಲ್ಲಿತ್ತು. ಅವರ ಕಡೆಯೋರಿಗೆ ಅಡ್ಜಸ್ಟ್‌ಮೆಂಟು. ನನ್ನ ಪ್ರಾಮಾಣಿಕತೆಗೆ ಮಸಿ ಬಳಿಯಲು ಯಾರಿಗೂ ಬಿಡಬಾರದು ಎಂಬ ಛಲ ಬಂತು. ಬೇರೆ ಯಾರೇ ಅಭ್ಯರ್ಥಿಯಾಗಿದ್ದರೂ ಬೇರೆ ನಾಯಿ ತರಿಸುತ್ತಿದ್ದೆ, ಇದು ನನಗೆ ಚೆನ್ನಾಗಿ ಗೊತ್ತು.

"ಬೇಡ, ಪಟ್ಟಿ ಪ್ರಕಾರ ಹೋಗೋಣ" ಎಂದೆ.

ಪಟ್ಟಿಯಲ್ಲಿ ಮುಟ್ಟುವುದಕ್ಕೆ ಅಂಕವಿತ್ತು, ಮುಟ್ಟದೆ ಇರುವುದಕ್ಕೆ ಜಾಗ ಇರಲಿಲ್ಲ. ಮೊದಲ ಮೂರು ಅಂಶಕ್ಕೆ ಹತ್ತಕ್ಕೆ ಹತ್ತು ಹಾಕಿದೆ. ನಾಲ್ಕನೆಯದಕ್ಕೆ ಸೊನ್ನೆ, ಐದನೆಯದಕ್ಕೆ ಸೊನ್ನೆ. ಕೆಳಗೆ ಅನುತ್ತೀರ್ಣ ಎಂದು ಬರೆದು ಸಹಿ ಮಾಡಿದೆ. ನವೀನ್‌ಗೂ ಇಷ್ಟು ಕಟ್ಟುನಿಟ್ಟು ಬೇಕಿರಲಿಲ್ಲವೇನೋ, ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದ. ನಾನು ಸಹಿ ಮಾಡಿದ್ದೆನಲ್ಲ, ಅವನೂ ಮಾಡಿದ.

"ಸರಿ ಮೇಡಂ" ಎಂದು ಮುನಿಯಪ್ಪನವರು ಎದ್ದರು. ಮೂವರಿಗೂ ಕೈ ಮುಗಿದರು. ಭೀಮನ ಯಜಮಾನರಿಗೆ, "ಎಕ್ಸ್‌ರೇ ಮಾತ್ರ ಮರೀಬೇಡಿ ಸಾರ್" ಎಂದು ಹೇಳಿ ಹೊರಟರು. ನಾನು ಪಟ್ಟಿಯನ್ನು ಫೈಲಿಗೆ ಸೇರಿಸುತ್ತಿದ್ದೆ.

ಎರಡು ವಾರದಲ್ಲಿ ಭೀಮನ ಯಜಮಾನರ ಫೋನ್ ಬಂತು. ಕುಂಟು ಜಾಸ್ತಿಯಾಗಿ ಎಕ್ಸ್‌ರೇ ತೆಗೆಸಿದ್ದರು. ಹೆಗಲಿನ ಮೂಳೆಯಲ್ಲಿ ಕ್ಯಾನ್ಸರ್. ಮೂಳೆ ಒಳಗೇ ತೆಳ್ಳಗಾಗಿತ್ತು, ಅವತ್ತು ಒತ್ತಿ ಎಳೆದಿದ್ದರೆ ಮುರಿದುಹೋಗುತ್ತಿತ್ತು ಎಂದು ಸರ್ಜನ್ ಹೇಳಿದರಂತೆ. ಕಾಲು ತೆಗೆದರು. "ಅವತ್ತು ಬಂದಿದ್ರಲ್ಲ ಆ ಹಿರಿಯರು, ಅವ್ರ ನಂಬರ್ ಕೊಡ್ತೀರಾ?" ಎಂದು ಕೇಳಿದರು. ಕೊಟ್ಟೆ. ಫೋನಿಟ್ಟ ಮೇಲೆ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು, ನನ್ನ ಗಂಡನಿಗೆ ಕೇಳಿಸದ ಹಾಗೆ ಅತ್ತೆ.

ಮುಂದಿನ ಸಭೆಯ ತಪ್ಪಿನ ಸುತ್ತಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಮೆಟ್ಟಿಲ ಮೇಲಿನ ಮಾತು ಸಮೇತ. ನವೀನ್ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಅವನೇ ಸೂಚಿಸಿ ಅಂಕಪಟ್ಟಿ ಬದಲಾಯಿಸಿದ. ಈಗ ನಿಮ್ಮ ಪಟ್ಟಿಯ ಮೊದಲ ಸಾಲು ಏನು ಹೇಳಿ? ಯಾವಾಗ ಕೈ ಇಡಬಾರದು ಎಂಬುದು ಅಭ್ಯರ್ಥಿಗೆ ಗೊತ್ತಿದೆಯೇ. ಅದರಲ್ಲಿ ಸೋತರೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ನೀವೆಲ್ಲ ಆ ಸಾಲು ದಾಟಿ ಬಂದವರು, ಅದು ಯಾರಿಂದ ಬಂತು ಎಂದು ನಿಮಗೆ ಯಾರೂ ಹೇಳಿಲ್ಲ. ಮುನಿಯಪ್ಪನವರಿಗೆ ಪರೀಕ್ಷೆ ಇಲ್ಲದೆಯೇ ಪೂರ್ಣ ಸದಸ್ಯತ್ವ ಕೊಡಲು ಅವತ್ತು ಎಲ್ಲರೂ ಕೈ ಎತ್ತಿದರು.

ಕಾರ್ಡು ತಯಾರಾದ ಮೇಲೂ ಅವರ ಮನೆಗೆ ಹೋಗಲು ನನಗೆ ಮೂರು ತಿಂಗಳು ಹಿಡಿಯಿತು. ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಕಾಲು ಏಳುತ್ತಿರಲಿಲ್ಲ. ಅಷ್ಟರಲ್ಲಿ ಅವರು ಕ್ಲಿನಿಕ್ ಬಿಟ್ಟು ಉತ್ತರಹಳ್ಳಿ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದಾರೆ ಎಂದು ತಿಳಿಯಿತು. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಸುಬ್ರಹ್ಮಣ್ಯಪುರಕ್ಕೆ ಹೋದೆ. ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದ ಮೇಲೆ ಅವರ ಮನೆಗೆ ನಾನು ಹೋದದ್ದು ಅದೇ ಮೊದಲು.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ಮದುವೆಯ ಫೋಟೋ. ಅವರ ಹೆಂಡತಿ ರತ್ನಮ್ಮ ಕುರ್ಚಿ ಒರೆಸಿ ಕೊಟ್ಟರು, ಟೀ ತಂದರು. "ಕುಡೀತೀರಾ ಮೇಡಂ, ನಮ್ಮನೇಲಿ?" ಎಂದು ಕೇಳಿ ನಿಂತರು. ಆ ಪ್ರಶ್ನೆ ಅವರು ಕೇಳಬೇಕಾಗಿ ಬಂತಲ್ಲ ಎಂದು ನನಗೆ ನಾಚಿಕೆಯಾಯಿತು. ಕುಡಿದೆ. ಇನ್ನೊಂದು ಲೋಟವನ್ನೂ ಕೇಳಿ ಕುಡಿದೆ.

ಮುನಿಯಪ್ಪನವರು ಕೇಳಿದ ಮೊದಲ ಮಾತು, "ಭೀಮ ಹೆಂಗೈತೆ ಮೇಡಂ?"

"ಮೂರು ಕಾಲಲ್ಲಿ ಓಡಾಡ್ತಿದೆಯಂತೆ. ಅವ್ರು ನಿಮಗೆ ಫೋನ್ ಮಾಡ್ಲಿಲ್ವಾ?"

"ಮಾಡಿದ್ರು. ಬಂದು ನೋಡಿ ಅಂದ್ರು. ನಾನು ಹೋಗಿಲ್ಲ. ಕಾರ್ಡ್ ಇಲ್ದೆ ಮುಟ್ಟಬಾರ್ದು ಅಂತ ನಮ್ಮ ಸಂಘದಲ್ಲೇ ಮಾಡ್ಕೊಂಡಿದ್ದಲ್ವಾ. ಅಪಾರ್ಟ್‌ಮೆಂಟಲ್ಲೂ ಅಷ್ಟೇ, ನಾಯಿಗಳು ಬಂದು ಕಾಲು ಒರಸ್ತಾವೆ. ಹೋಗ್ರಪ್ಪಾ ಅಂತೀನಿ."

ನಾನು ಚೀಲದಿಂದ ಕಾರ್ಡು ತೆಗೆದು ಅವರ ಮುಂದಿಟ್ಟೆ. ನಮ್ಮಿಂದ ತಪ್ಪಾಯಿತು, ಮುಖ್ಯವಾಗಿ ನನ್ನಿಂದ, ಎಲ್ಲರೂ ಒಪ್ಪಿ ಕೊಟ್ಟಿದ್ದಾರೆ, ನಾಳೆಯಿಂದಲೇ ಕೆಲಸಕ್ಕೆ ಬನ್ನಿ, ಹೊಸಬರಿಗೆ ಕಲಿಸಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕಾರ್ಡನ್ನು ಎತ್ತಿ ತಮ್ಮ ಹೆಸರು ಓದಿದರು. ರತ್ನಮ್ಮನಿಗೂ ತೋರಿಸಿದರು. ಮತ್ತೆ ನನ್ನ ಮುಂದೆಯೇ ಇಟ್ಟರು.

"ಬೇಡ ಮೇಡಂ."

"ಯಾಕೆ ಮುನಿಯಪ್ಪನವರೇ? ಇನ್ನೂ ಸಿಟ್ಟಾ?"

"ಸಿಟ್ಟಿಲ್ಲ. ಫೇಲ್ ಮಾಡಿದ್ದಕ್ಕೆ ಬೇಜಾರೂ ಇಲ್ಲ. ನಾನು ಮಾಡಿ ತೋರಿಸ್ಲಿಲ್ಲ, ನೀವು ಸೊನ್ನೆ ಹಾಕಿದ್ರಿ, ಸರಿನೇ. ನೀವು ಇರ್ತೀರ ಅಂತ ಬಂದಿದ್ದೆ ನಾನು. ಸೈನ್ ಹಾಕ್ಬೇಕಾದ್ರೆ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡ್ತೀರ ಅಂತ ಕಾಯ್ತಾ ಇದ್ದೆ. ನೋಡಲಿಲ್ಲ ನೀವು. ಅಷ್ಟೇ ಮೇಡಂ."

ನಾನು ತಲೆ ಎತ್ತಿ ನೋಡಿದೆ. ಎಡಗಣ್ಣಿನ ಕೆಳಗಿನಿಂದ ಕೆನ್ನೆಯ ತನಕ ಒಂದು ದಪ್ಪ ಗಾಯದ ಕಲೆ ಇತ್ತು.

"ಇದು ಯಾವಾಗ ಆಯ್ತು?" ಎಂದು ಕೇಳಿದೆ.

"ಇದಾ?" ಎಂದು ಅವರು ಕೆನ್ನೆ ಮುಟ್ಟಿಕೊಂಡರು. "ಹದಿನಾರು ವರ್ಷ ಇದ್ದಾಗ ಕುದುರೆ ಒದ್ದಿದ್ದು ಮೇಡಂ."